ಒಂದು ಚಮಚ ಕೆಂಪು

ಅಸ್ನಾಕೆಚ್ ಬರುವುದು ಬೆಳಗಿನ ಓಟ ಮುಗಿಸಿ,
ಎಂತೊತ್ತೊ ಗುಡ್ಡದ ನೀಲಗಿರಿ ಎಲೆಯೊಂದು ಬೂಟಿಗಂಟಿರುತ್ತದೆ.
ಬುಧವಾರ, ಶುಕ್ರವಾರ ಮಧ್ಯಾಹ್ನ ಮೂರರ ತನಕ
ಗುಟುಕು ನೀರೂ ಇಲ್ಲ.
"ನುರೆದ್ದೀನ್, ಯಂತ್ರ ಎದ್ದಿತೇ?" ಅನ್ನುತ್ತಾಳೆ.
ನನ್ನ ಯಂತ್ರ ಜರ್ಮನಿಯದು, ನನಗಿಂತ ಎರಡು ವರ್ಷ ಹಿರಿದು,
ಬೈಯದೆ ಏಳುವುದಿಲ್ಲ.

ಅವಳ ಕೆಲಸಕ್ಕೆ ಜಾತಿಯಿಲ್ಲ.
ಕಣ್ಣಾಸ್ಪತ್ರೆಗೆ ಅಕ್ಷರಪಟ ಮಾಡಿದಳು:
ನಮ್ಮ ಏಳು ರೂಪದ ಕಾಗುಣಿತ, ಸಾಲಿಂದ ಸಾಲಿಗೆ ಚಿಕ್ಕದಾಗುತ್ತ.
ಕೊನೆಯ ಸಾಲು, ಯಾರಿಗೂ ಕಾಣದ್ದು,
ಅದನ್ನೇ ಮೂರು ದಿನ ತಿದ್ದಿದಳು.
ಮಿನಿಬಸ್ಸುಗಳ ನಕ್ಷೆ ಮಾಡಿದಳು. ಬಾಗಿಲಿಗೆ ಜೋತ ಹುಡುಗರು
ಎಲ್ಲಿ ಎಷ್ಟು ಎಳೆದು ಕೂಗುತ್ತಾರೋ
ಊರಿನ ಹೆಸರು ಅಲ್ಲಿ ಅಷ್ಟೇ ಉದ್ದ.
ಪಿಯಾಸ್ಸಾ ಮಡಿಕೆ ದಾಟಿ ಹಿಂಬದಿಗೆ ಹೋಯಿತು.

ದೊಡ್ಡ ಉಪವಾಸದ ಐವತ್ತೈದು ದಿನಗಳ ನಡುವೆ
ಕಸಾಯಿಯವನು ಬೋರ್ಡು ಕೇಳಿದ.
ಇವಳು ಬರೆದದ್ದು ನಿಂತ ಹೋರಿ, ಬಾಯಲ್ಲಿ ಹುಲ್ಲು.
"ಇದನ್ನು ನೋಡಿ ಯಾರಿಗಮ್ಮ ಹಸಿವಾಗುತ್ತೆ?"
"ಹೋರಿಗೆ" ಅಂದಳು.

ಓಣಿಯ ಓಟಕ್ಕೆ ಎದೆಪಟ್ಟಿ ಅಚ್ಚು ಹಾಕಿದಾಗ
ಒಂದನೇ ನಂಬರು ಹೋದದ್ದು
ಎಲ್ಲರಿಗಿಂತ ಕೊನೆಗೆ ಬರುವ ಸೂಲಗಿತ್ತಿ ಅಜ್ಜಿಗೆ.

ಅವಳ ತಾತ ದೆಬ್ತೆರ. ಆಡಿನ ತೊಗಲ ಮೇಲೆ ಬರೆಯುತ್ತಿದ್ದವನು.
ಮಿಕ್ಕದ್ದೆಲ್ಲ ಕಪ್ಪು; ದೇವರ ಹೆಸರು, ಮರಿಯಮ್ಮನ ಹೆಸರು
ಬಂದಾಗ ಲೇಖನಿ ಬದಲಿಸಿ, ಕೆಂಪು.
ಆ ಚಟ ಇವಳಿಗೂ ಅಂಟಿದೆ.
ಏನೇ ಮಾಡಲಿ, ಒಂದೇ ಒಂದು ಮಾತು ಕೆಂಪು:
ನಕ್ಷೆಯಲ್ಲಿ ಕೊನೆಯ ನಿಲ್ದಾಣ,
ಸಾಬೂನಿನ ಹೊದಿಕೆಯಲ್ಲಿ 'ನೀರು'.
ಕಸಾಯಿಯವನಿಗೆ ಮಾತ್ರ ಕೊಡಲಿಲ್ಲ.

ಈ ಸಲ ಮಳೆಗಾಲದಲ್ಲಿ ಶಾಯಿ ಬರಲಿಲ್ಲ.
ಡಾಲರಿಲ್ಲವಂತೆ, ಪೆಟ್ಟಿಗೆ ಜಿಬೂತಿಯ ಬಂದರಲ್ಲೇ ಇದೆಯಂತೆ.
ಯಂತ್ರದ ಮೇಲೆ ಚರ್ಚಿನ ಪಂಚಾಂಗ,
ಹದಿಮೂರು ತಿಂಗಳೂ ಕಾದು ಕೂತಿವೆ,
ಐದೇ ದಿನದ ಆ ಪುಟ್ಟ ತಿಂಗಳೂ ಸಹ.
ಹಬ್ಬಗಳೆಲ್ಲ ಕೆಂಪಾಗಬೇಕು.
ಡಬ್ಬಿ ಕೆರೆದೆ. ಒಂದು ಚಮಚ.

ಆ ಸಂಜೆಯೇ ಬಂದಳು ಒಬ್ಬ ತಾಯಿ,
ಒಡೆದ ಗಾಜಿನ ಫೋನಿನಲ್ಲಿ ಮಗನ ಮುಖ ಹಿಡಿದು.
ಬಿಸ್ರತ್. ಹದಿನಾಲ್ಕು ವರ್ಷ. ಹಸಿರು ಸ್ವೆಟರ್.
'ಕಾಣೆಯಾಗಿದ್ದಾನೆ' ಅನ್ನುವುದಕ್ಕೆ ಕೆಂಪು ಹೋಗಬಹುದು
ಅಂದುಕೊಂಡೆ. ಹೋದದ್ದು ಹೆಸರಿಗೆ.
ಮುನ್ನೂರು ಪ್ರತಿ. ಕೊನೆಯ ನಲವತ್ತು
ತೊಳೆದ ಬಟ್ಟೆಯಂತೆ ತಿಳಿಯಾದವು.

ಪಂಚಾಂಗ ಕಪ್ಪಾಗಿಯೇ ಹೋಯಿತು.
ಪಾದ್ರಿಗಳು ಪುಟ ತಿರುವಿ, ಬೆರಳಿಟ್ಟು ಹಬ್ಬ ಹುಡುಕಿದರು,
ಗೊಣಗಿದರು, ಇನ್ನೂರು ಬಿರ್ ಮುರಿದುಕೊಂಡರು,
ಹೋಗುವಾಗ ಹತ್ತು ಪೋಸ್ಟರು ಕೇಳಿ ತೆಗೆದುಕೊಂಡರು.

ಅಚ್ಚಿನವರಿಗೆ ಗೊತ್ತಿರುವ ಒಂದು ಮಾತು:
ಬಿಸಿಲಿಗೆ ಮೊದಲು ಹಾರುವುದು ಕೆಂಪೇ.
ಮಸ್ಕೆಲ್ ಹಬ್ಬ ಕಳೆದು ಬಿಸಿಲು ಬಲಿತಾಗ
ಮೆಗೆನಾಗ್ನದ ಕಂಬಗಳಲ್ಲಿ ವಯಸ್ಸು ಉಳಿದಿತ್ತು, ಸ್ವೆಟರ್ ಉಳಿದಿತ್ತು,
ಫೋನ್ ನಂಬರೂ. ಹೆಸರಿದ್ದ ಜಾಗ ಬರೀ ಕಾಗದ.
ಹೇಳೋಣವೋ ಬೇಡವೋ ಅಂತ ನಾಲ್ಕು ದಿನ ನಮಾಜಿನಲ್ಲೂ ಅದೇ ಯೋಚನೆ.

ಐದನೆಯ ದಿನ ಬೆಳಗ್ಗೆ, ಬೂಟಿನ ಎಲೆ ಕೊಡವಿ,
ಓಟದ ಚಡ್ಡಿಯ ಜೇಬಿನಿಂದ ಪೆನ್ನು ತೆಗೆದು ಮೇಜಿಗಿಟ್ಟಳು.
"ಮುಗಿದಿದೆ. ಇಂಥದ್ದೇ ಇನ್ನೊಂದು ಸಿಗುತ್ತಾ ನೋಡು.
ಗೋತೆರಾ ಕಡೆಯ ಕಂಬಗಳು ಇನ್ನೂ ಬಾಕಿ."